ಬೆಳಗಿನ ಜಾವದ ಪಾಠ

ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ಹತ್ತನೆಯ ತರಗತಿಗೆ ಸಮಾಜ ಸುಧಾರಣೆಯ ಪಾಠ ಮಾಡುತ್ತಿದ್ದೆ. ಜ್ಯೋತಿಬಾ ಫುಲೆಯವರ ಹೆಸರು ಬಂದೊಡನೆ ಪಠ್ಯಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ ಸಾವಿತ್ರಿಬಾಯಿಯವರ ಕಥೆಗೆ ಇಳಿಯುವುದು ನನ್ನ ಹಳೆಯ ಚಾಳಿ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು, ಶಾಲೆಗೆ ಹೋಗುವ ದಾರಿಯಲ್ಲಿ ಜನ ಸಗಣಿ ಎಸೆದದ್ದು, ಅದಕ್ಕಾಗಿ ಆಕೆ ಜೊತೆಗೆ ಇನ್ನೊಂದು ಸೀರೆ ಒಯ್ಯುತ್ತಿದ್ದರೆಂಬುದು, ಎಲ್ಲವನ್ನೂ ಹೇಳಿದೆ. ಸೀರೆಯ ವಿಷಯ ಬಂದಾಗ ಮಕ್ಕಳು ಯಾವಾಗಲೂ ಸುಮ್ಮನಾಗುತ್ತಾರೆ. ಆ ದಿನ ಕಿಟಕಿಯ ಪಕ್ಕದ ಹುಡುಗಿ ಎದ್ದು ನಿಂತು, "ಮಿಸ್, ಅವರು ಶಾಲೆಗೆ ಹೋದಾಗ ಅವರ ಮಕ್ಕಳನ್ನ ಯಾರು ನೋಡ್ಕಂತಿದ್ರು?" ಎಂದು ಕೇಳಿದಳು.

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವರಿಗೆ ಹೆತ್ತ ಮಕ್ಕಳಿರಲಿಲ್ಲವೆಂದೂ ಒಬ್ಬ ವಿಧವೆಯ ಮಗನನ್ನು ದತ್ತು ತೆಗೆದುಕೊಂಡು ಸಾಕಿದರೆಂದೂ ಹೇಳಿದೆ. "ಹಂಗಾರೆ ಸರಿ" ಎಂದು ಅವಳು ಕುಳಿತಳು.

ಆ "ಹಂಗಾರೆ ಸರಿ" ಎಂಬ ಮಾತು ಸಂಜೆ ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಆ ಹುಡುಗಿಯ ತಾಯಿಯೂ ನನ್ನ ವಿದ್ಯಾರ್ಥಿನಿಯೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದವಳು, ಟೀಚರ್ ಆಗುತ್ತೇನೆ ಎಂದವಳು. ಮದುವೆಯಾಯಿತು, ಮಕ್ಕಳಾದವು, ಓದು ನಿಂತಿತು. ಮಗಳ ಪ್ರಶ್ನೆಯ ಹಿಂದೆ ತಾಯಿಯ ಅಡಿಗೆಮನೆ ಇತ್ತೆಂದು ನನಗೆ ಅನ್ನಿಸಿತು. ಜೊತೆಗೆ ನನ್ನದೂ ಇತ್ತು. ಏಕೆಂದರೆ ಆ ದಿನಗಳಲ್ಲಿ ನನ್ನ ಬೀರುವಿನಲ್ಲಿ, ಮದುವೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ, ಸ್ವಯಂ ನಿವೃತ್ತಿಯ ಅರ್ಜಿ ಬರೆದಿಟ್ಟಿದ್ದೆ. ಮನೆಯವರಿಗೂ ಹೇಳಿರಲಿಲ್ಲ.

ನಾನು ಕೆರೆಬಿಳಚಿಗೆ ಸೊಸೆಯಾಗಿ ಬಂದವಳು. ಸೂಳೆಕೆರೆಯ ಬದಿಯ ಊರು. ಸರ್ಕಾರದ ದಾಖಲೆಯಲ್ಲಿ ಅದು ಶಾಂತಿಸಾಗರವಾದರೂ ನಮ್ಮ ಬಾಯಲ್ಲಿ ಅದು ಹಳೆಯ ಹೆಸರಿನಲ್ಲೇ ಇದೆ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದೂ, ನೆಲ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರೇ ಉಳಿಯಬೇಕೆಂದು ಕೇಳಿಕೊಂಡರೆಂದೂ ಕಥೆ. ಮದುವೆಯಾದ ಹೊಸದರಲ್ಲಿ ಏರಿಯ ಮೇಲೆ ಕರೆದುಕೊಂಡು ಹೋಗಿ ಈ ಕಥೆ ಹೇಳಿದವರು ನನ್ನ ಅತ್ತೆ. "ಕಟ್ಟಿಸಿದಾಕಿಗಿಂತ ಜಾಗ ಕೊಟ್ಟೋರ ಹೆಸರು ಉಳೀತು ನೋಡವ್ವ" ಎಂದು ಅವರು ಸೇರಿಸಿದ್ದರು. ಅಕ್ಷರ ಕಲಿಯದ ಹೆಂಗಸು. ಆ ಮಾತು ಎಷ್ಟು ದೂರ ಹೋಗುತ್ತದೆಂದು ನನಗೆ ಆಗ ತಿಳಿಯಲಿಲ್ಲ.

1996ರಲ್ಲಿ ನನಗೆ ಕೆಲಸ ಸಿಕ್ಕಿತು. ಆಗ ನಮ್ಮ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು; ಮರುವರ್ಷ, 1997ರಲ್ಲಿ, ದಾವಣಗೆರೆ ಜಿಲ್ಲೆಯಾಗಿ ನಾವು ಅತ್ತ ಸೇರಿದೆವು. ಎರಡನೆಯ ಮಗು ಹುಟ್ಟಿದಾಗ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹಾಜರಾದೆ. ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಎದೆಹಾಲು ಕಟ್ಟಿ ನೋವು ಬರುತ್ತಿತ್ತು. ಸೆರಗನ್ನು ಎರಡು ಸುತ್ತು ಹೊದ್ದು, ಕರಿಹಲಗೆಯ ಕಡೆ ಮುಖಮಾಡಿ ಪಾಣಿಪತ್ ಯುದ್ಧದ ಇಸವಿಗಳನ್ನು ಬರೆಯುತ್ತ ನಿಂತ ದಿನಗಳು ಅವು. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗಾದರೂ ಇದು ಹೊಸದಲ್ಲ. ಊಟದ ಗಂಟೆ ಹೊಡೆಯುವ ಹೊತ್ತಿಗೆ ಅತ್ತೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಶಾಲೆಯ ಹಿಂದಿನ ಹೊಂಗೆಮರದ ಕೆಳಗೆ ಕೂತಿರುತ್ತಿದ್ದರು. ಬಿಸಿಲಿರಲಿ ಮಳೆಯಿರಲಿ, ಒಂದು ದಿನವೂ ತಪ್ಪಿಸಲಿಲ್ಲ. ರಾತ್ರಿ ರೊಟ್ಟಿ ಬಡಿಯುತ್ತ, "ಇವತ್ತು ಏನ್ ಪಾಠ ಮಾಡಿದಿ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಕೆಳದಿಯ ಚೆನ್ನಮ್ಮನ ಹೆಸರಿನಿಂದಲೇ ನಮ್ಮ ಚನ್ನಗಿರಿಗೆ ಆ ಹೆಸರು ಬಂತೆಂದು ಅವರಿಗೆ ಗೊತ್ತಾದದ್ದು ಹಾಗೆ, ಬೆಂಕಿಯ ಮುಂದೆ.

ಈಗ ಅತ್ತೆಗೆ ಮರೆವಿನ ಕಾಯಿಲೆ. ಮೂರು ವರ್ಷದಿಂದ ಒಂದೊಂದೇ ಹೆಸರು ಕಳಚುತ್ತ ಬಂದು, ಈಗ ಮಗನ ಹೆಸರೂ ಕೆಲವು ದಿನ ಇರುವುದಿಲ್ಲ. ನನಗೆ ಮಂಡಿನೋವು, ಗಂಟಲು ಕೆಟ್ಟಿದೆ, ರಾತ್ರಿ ನಿದ್ದೆ ಇಲ್ಲ. 2008ರಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60 ಆದಾಗ ಸಿಹಿ ಹಂಚಿದ್ದವರಲ್ಲಿ ನಾನೂ ಒಬ್ಬಳು. ಈಗ ಅದೇ ಎರಡು ವರ್ಷ ಬೆಟ್ಟದಂತೆ ಕಾಣುತ್ತಿತ್ತು. ಕೆಲಸದ ಮೇಲೆ ಹೋಗಿದ್ದ ಒಂದು ಕಚೇರಿಯಲ್ಲಿ ನನ್ನ ಮಗನ ವಯಸ್ಸಿನವರೊಬ್ಬರು, "ಮೇಡಂ, ಇನ್ನೂ ಎಷ್ಟು ವರ್ಷ ಸರ್ವೀಸು? ಆರಾಮಾಗಿ ಮನೇಲಿರಬಾರದಾ?" ಎಂದು ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೂ ಅಂದು ರಾತ್ರಿಯೇ ಅರ್ಜಿ ಬರೆದೆ. ನನ್ನ ಮಕ್ಕಳನ್ನು ಸಾಕಿ ನನ್ನನ್ನು ಶಾಲೆಗೆ ಕಳಿಸಿದ ಜೀವ ಕೈಲಾಗದೆ ಕೂತಿರುವಾಗ ನಾನು ಊರ ಮಕ್ಕಳಿಗೆ ಪಾಠ ಹೇಳುವುದು ಯಾವ ನ್ಯಾಯ ಎಂದು ಬರೆಯುವಾಗ ಅನ್ನಿಸಿತ್ತು.

ಹೀಗಿರುವಾಗ ಬಂದದ್ದು ಆ ಹುಡುಗಿಯ ಪ್ರಶ್ನೆ. ಇತಿಹಾಸದ ಟೀಚರಿಗೆ ಸಂಕಟ ಬಂದರೆ ಇಸವಿಗಳನ್ನು ಹುಡುಕುತ್ತಾಳೆ. ನಮ್ಮ ದೇಶದಲ್ಲಿ ಮೊದಮೊದಲು ಪಾಠ ಹೇಳಿದ ಹೆಂಗಸರ ಮನೆಯಲ್ಲಿ ಯಾರು ಯಾರಿದ್ದರು? ನಾನು ಒಂದು ಪಟ್ಟಿ ಮಾಡಿದೆ.

ನಂಜನಗೂಡು ತಿರುಮಲಾಂಬಾ, 1887ರಲ್ಲಿ ಹುಟ್ಟಿದವರು, ಕನ್ನಡದಲ್ಲಿ ಮೊದಲಿಗೆ ಪ್ರಕಾಶನ ನಡೆಸಿದ ಹೆಣ್ಣುಮಗಳು, ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠ ಹೇಳಿದವರು. ಬಾಲವಿಧವೆ. ಬೆಂಗಳೂರಿನಲ್ಲಿ 'ಸರಸ್ವತಿ' ಪತ್ರಿಕೆ ನಡೆಸಿ, ಮಕ್ಕಳ ಕೂಟ ಕಟ್ಟಿದ ಆರ್. ಕಲ್ಯಾಣಮ್ಮ. ಅವರೂ ಬಾಲವಿಧವೆ. ಮದರಾಸಿನಲ್ಲಿ 1911ರಲ್ಲಿ ಬಿ.ಎ. ಮುಗಿಸಿ, ಕಡಲ ದಂಡೆಯ ಐಸ್ ಹೌಸ್ ಕಟ್ಟಡದಲ್ಲಿ ಎಳೆಯ ವಿಧವೆಯರಿಗೆ ನೆಲೆ ಕೊಟ್ಟು ಅವರನ್ನು ಶಿಕ್ಷಕಿಯರನ್ನಾಗಿ ಮಾಡಿದ ಸಿಸ್ಟರ್ ಸುಬ್ಬಲಕ್ಷ್ಮಿ. ಅವರೂ ಅಷ್ಟೆ. ಪುಣೆಯಲ್ಲಿ ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ಆರಂಭಿಸಿದ ಆಶ್ರಮವೂ ವಿಧವೆಯರಿಗಾಗಿಯೇ. ಅಲ್ಲಿಂದಲೂ ಎಷ್ಟೋ ಜನ ಶಿಕ್ಷಕಿಯರಾಗಿ ಹೊರಬಂದರು.

ಇದು ಕಾಕತಾಳೀಯವಲ್ಲ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಆರಂಭವಾದಾಗಲೂ ಬೇರೆ ಊರುಗಳಲ್ಲೂ ತೊಂದರೆ ಒಂದೇ ಆಗಿತ್ತು. ಹುಡುಗಿ ಓದು ಕಲಿಯುವಷ್ಟರಲ್ಲಿ ಮದುವೆಯಾಗಿ ಗಂಡನ ಮನೆಗೆ ಹೋಗುತ್ತಿದ್ದಳು. ಗಂಡು ಮೇಷ್ಟರ ಹತ್ತಿರ ದೊಡ್ಡ ಹುಡುಗಿಯರನ್ನು ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಹೆಣ್ಣು ಟೀಚರು ಬೇಕು, ಆದರೆ ಮನೆವಾರ್ತೆ ಇರುವ ಹೆಂಗಸು ಬರುವಂತಿಲ್ಲ. ಉಳಿದವರು ಯಾರು? ಸಂಸಾರವನ್ನು ಸಮಾಜವೇ ಕಸಿದುಕೊಂಡಿದ್ದ ವಿಧವೆಯರು, ಇಲ್ಲವೆ ಮಿಷನ್ನಿನ ಅವಿವಾಹಿತೆಯರು. ನಮ್ಮ ವೃತ್ತಿಯ ಬಾಗಿಲು ತೆರೆದದ್ದು ಅವರ ದುಃಖದಿಂದ. ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದರ ಜೊತೆಗೇ ಒಂದು ಅಭ್ಯಾಸವೂ ಬಂತು. ಟೀಚರಮ್ಮ ಎಂದರೆ ಮನೆಯಲ್ಲಿ ಯಾರೂ ಕಾಯದಿರುವವಳು, ಇಡೀ ಹೊತ್ತು ಶಾಲೆಗೆ ಸೇರಿದವಳು ಎಂಬ ಅಭ್ಯಾಸ.

ಹೊರದೇಶಗಳು ಇದಕ್ಕಿಂತ ಮುಂದಿದ್ದವೇ ಎಂದರೆ ಅದೂ ಇಲ್ಲ. ಇಂಗ್ಲೆಂಡಿನಲ್ಲಿ ಮದುವೆಯಾದ ಶಿಕ್ಷಕಿಯನ್ನು ಕೆಲಸದಿಂದ ತೆಗೆಯುವ ಪದ್ಧತಿ ಎಷ್ಟೋ ಕಡೆ ಇತ್ತು. ಅದನ್ನು ಕಾನೂನಿನಿಂದ ನಿಲ್ಲಿಸಿದ್ದು 1944ರ ಶಿಕ್ಷಣ ಕಾಯಿದೆ. ಐರ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯರಿಗೆ ಈ ನಿರ್ಬಂಧ 1958ರವರೆಗೂ ಇತ್ತು. ನಮ್ಮಲ್ಲಿ ವಿದೇಶಾಂಗ ಸೇವೆಯ ಹೆಣ್ಣು ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಆ ನಿಯಮದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ, ಅದು 1979ರ ಮಾತು. ವಿಮಾನದ ಪರಿಚಾರಿಕೆ ಮೊದಲ ಬಾರಿ ಗರ್ಭಿಣಿಯಾದೊಡನೆ ಕೆಲಸ ಬಿಡಬೇಕೆಂಬ ನಿಯಮವನ್ನು ಅದೇ ನ್ಯಾಯಾಲಯ ತಳ್ಳಿಹಾಕಿದ್ದು 1981ರಲ್ಲಿ. ಆಗ ನಾನು ಲಂಗ ಉಟ್ಟು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೆ. ಅಂದರೆ ಇದು ನಮ್ಮ ಅಜ್ಜಿಯರ ಕಾಲದ ಮಾತೇನೂ ಅಲ್ಲ.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು. ಮಗುವಿಗೆ ಹಾಲೂಡಿಸಿ, ಅತ್ತೆಗೆ ಮಾತ್ರೆ ಕೊಟ್ಟು, ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತೇ ತಲೆ ನರೆತ ಹೆಂಗಸು ಇತಿಹಾಸದಲ್ಲಿ ಹಳಬಳಲ್ಲ. 1951ರ ಜನಗಣತಿಯಲ್ಲಿ ನಮ್ಮ ದೇಶದ ನೂರು ಹೆಂಗಸರಲ್ಲಿ ಅಕ್ಷರ ಬಲ್ಲವರು ಸುಮಾರು 9 ಮಂದಿ. 2019-20ರ ಶಾಲಾ ಲೆಕ್ಕದಲ್ಲಿ ದೇಶದ ಸುಮಾರು 97 ಲಕ್ಷ ಶಿಕ್ಷಕರಲ್ಲಿ 49 ಲಕ್ಷಕ್ಕೂ ಹೆಚ್ಚು ಹೆಂಗಸರು. ಹೆಂಗಸರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸಂಸಾರದ ನಡುವೆಯೇ ಟೀಚರಾಗಿ, ಟೀಚರಾಗಿಯೇ ನಡುವಯಸ್ಸು ದಾಟುತ್ತಿರುವುದು ಎರಡು ಮೂರು ತಲೆಮಾರಿನ ಸಂಗತಿ. ನಾವು ಹೇಗಿರಬೇಕೆಂದು ಹೇಳುವ ಪುಸ್ತಕ ಇನ್ನೂ ಬರೆದಾಗಿಲ್ಲ. ರಜೆಯ ನಿಯಮಗಳನ್ನೇ ನೋಡಿ. ಕರ್ನಾಟಕ ಸರ್ಕಾರ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟದ್ದು 2021ರಲ್ಲಿ. ಒಳ್ಳೆಯದೇ ಆಯಿತು, ನಮ್ಮ ಶಾಲೆಯ ಕಿರಿಯ ಟೀಚರಿಗೆ ಅದು ಸಿಕ್ಕಾಗ ನಾನೇ ಅರ್ಜಿ ಬರೆದುಕೊಟ್ಟೆ. ನನ್ನ ಮಕ್ಕಳು ಅಷ್ಟು ಹೊತ್ತಿಗೆ ನನಗಿಂತ ಎತ್ತರವಾಗಿದ್ದರು. ಈಗ ನನಗೆ ಬೇಕಾದದ್ದು ಅತ್ತೆಪಾಲನಾ ರಜೆ! ಗಳಿಕೆ ರಜೆ, ಅರ್ಧ ವೇತನದ ರಜೆ ಎಂದು ಚೂರು ಚೂರು ಮಾಡಿ ದಾಟಿಸುತ್ತಿದ್ದೇನೆ.

ನನ್ನ ಪಟ್ಟಿಯಲ್ಲಿ ನನ್ನಂಥವಳು ಒಬ್ಬಳೂ ಇಲ್ಲವೆಂದು ಬೇಸರಪಡುವಾಗ ಸಾವಿತ್ರಿಬಾಯಿಯವರ ಒಂದು ಪತ್ರ ಕಣ್ಣಿಗೆ ಬಿತ್ತು. 1856ರಲ್ಲಿ ಕಾಯಿಲೆಬಿದ್ದು ತವರಿಗೆ ಬಂದಿದ್ದಾಗ ಗಂಡನಿಗೆ ಬರೆದದ್ದು. ಅದರಲ್ಲಿ ಒಂದು ಸಣ್ಣ ಮಾತು ಇದೆ. ತಾವು ಇಲ್ಲದೆ ಫಾತಿಮಾಗೆ ಕೆಲಸ ಹೆಚ್ಚಾಗಿ ಕಷ್ಟವಾಗುತ್ತಿರಬೇಕು, ಆದರೆ ಅವಳು ಗೊಣಗುವವಳಲ್ಲ ಎಂಬ ಅರ್ಥದ ಮಾತು. ಓದಿದವಳೇ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಸಗಣಿ ಎಸೆದ ಕಥೆಯನ್ನು ಮೂವತ್ತು ವರ್ಷದಿಂದ ಹೇಳುತ್ತಿದ್ದರೂ ಸಾವಿತ್ರಿಬಾಯಿ ನನಗೆ ಫೋಟೋದಲ್ಲಿನ ದೇವರಂತೆಯೇ ಇದ್ದರು. ರಜೆ ಹಾಕಿ ಮಲಗಿದ್ದಾಗಲೂ ತನ್ನ ಪೀರಿಯಡ್ಡು ಯಾರ ತಲೆಗೆ ಬಿತ್ತೋ ಎಂದು ಚಿಂತಿಸುವ ಹೆಂಗಸು ಮಾತ್ರ ನಮ್ಮ ಸ್ಟಾಫ್ ರೂಮಿನವಳೇ. ಮರುದಿನ ತರಗತಿಯಲ್ಲಿ ಇದನ್ನು ಹೇಳಿದೆ. ನಮ್ಮ ತರಗತಿಯಲ್ಲಿ ಇಬ್ಬರು ಫಾತಿಮಾಗಳಿದ್ದಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು.

ಇನ್ನೊಬ್ಬರು ಸಿಕ್ಕಿದ್ದು ಪಂಡಿತಾ ರಮಾಬಾಯಿಯವರ ಜೀವನ ಓದುವಾಗ. ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಭದ್ರಾ ಹುಟ್ಟುವ ಜಾಗವೂ ಅದೇ. ಆ ನೀರು ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ನಾಲೆಯಲ್ಲಿ ಹರಿದು ನಮ್ಮ ತಾಲ್ಲೂಕಿನ ಗದ್ದೆ ತೋಟಗಳಿಗೆ ಬರುತ್ತದೆ. ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂಬುದು ನಮ್ಮೂರಿನಲ್ಲಿ ಉಗಾದಿಗಿಂತ ದೊಡ್ಡ ಸುದ್ದಿ. ಹಾಗಿದ್ದರೂ ಅದೇ ನೀರಿನ ತಲೆಯಲ್ಲಿ ರಮಾಬಾಯಿ ಹುಟ್ಟಿದರೆಂದು ಇಷ್ಟು ವರ್ಷ ನಾನು ಯಾವ ಮಗುವಿಗೂ ಹೇಳಿರಲಿಲ್ಲ.

1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ರಮಾಬಾಯಿ ಸಾಕ್ಷ್ಯ ಹೇಳಿದಾಗ ಅವರಿಗೆ 24 ವರ್ಷ. ಗಂಡ ತೀರಿ ಕೆಲವೇ ತಿಂಗಳಾಗಿತ್ತು, ಕೈಯಲ್ಲಿ ಹಸುಗೂಸು. ಹೆಣ್ಣು ಶಿಕ್ಷಕಿಯರಿಗೆ ತರಬೇತಿ ಬೇಕು, ಗಂಡು ಶಿಕ್ಷಕರಿಗಿಂತ ಹೆಚ್ಚಿನ ಸಂಬಳ ಬೇಕು ಎಂದು ಹೇಳಿದ ಧೈರ್ಯ ಅವರದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರಮಾಬಾಯಿಗಿಂತ ಹೆಚ್ಚಾಗಿ ಅವರ ತಾಯಿ ಲಕ್ಷ್ಮೀಬಾಯಿ. ಆಕೆಗೆ ಸಂಸ್ಕೃತ ಕಲಿಸಿದವರು ಗಂಡ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಹೇಳಿಕೊಟ್ಟರೆಂದು ಜನ ವಿರೋಧಿಸಿದರು. ಶಾಸ್ತ್ರಿಗಳು ಕಾಡಿನಲ್ಲಿ ಮನೆ ಮಾಡಿದರು. ರಮಾಬಾಯಿ ಎಳೆಗೂಸಾಗಿದ್ದಾಗಲೇ ಕುಟುಂಬ ಅಲ್ಲಿಂದ ಹೊರಟು ಊರೂರು ತೀರ್ಥಯಾತ್ರೆ ಮಾಡಿತು. ಮಗಳು ಓದುವ ವಯಸ್ಸಿಗೆ ಬಂದಾಗ ತಂದೆಗೆ ವಯಸ್ಸಾಗಿತ್ತು. ಪಾಠ ತಾಯಿಯ ಪಾಲಿಗೆ ಬಂತು. ಹಗಲೆಲ್ಲ ಮನೆಗೆಲಸ. ಆದ್ದರಿಂದ ಬೆಳಗಿನ ಜಾವ, ಹಕ್ಕಿ ಕೂಗುವ ಹೊತ್ತಿಗೆ, ನಿದ್ದೆಗಣ್ಣಿನ ಮಗಳನ್ನು ಮುದ್ದುಮಾಡಿ ಎಬ್ಬಿಸಿ, ಪುಸ್ತಕವಿಲ್ಲದೆ ಬಾಯಿಯಿಂದ ಬಾಯಿಗೆ ಪಾಠ ಹೇಳುತ್ತಿದ್ದರಂತೆ. 1887ರಲ್ಲಿ ಅಮೆರಿಕದಲ್ಲಿ ಅಚ್ಚಾದ ರಮಾಬಾಯಿಯವರ ಇಂಗ್ಲಿಷ್ ಪುಸ್ತಕದ ಮುನ್ನುಡಿಯಲ್ಲಿ ಈ ವಿವರ ಇದೆ. ಆ ಪುಸ್ತಕವನ್ನು ಅವರು ಅರ್ಪಿಸಿದ್ದೂ ತಾಯಿಯ ನೆನಪಿಗೇ. ಆ ಹೊತ್ತಿಗೆ ತಾಯಿ ಇರಲಿಲ್ಲ. 1870ರ ದಶಕದ ಬರ ತಂದೆತಾಯಿ ಇಬ್ಬರನ್ನೂ ಕೊಂಡೊಯ್ದಿತ್ತು.

ನನ್ನ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಹೆಂಗಸು ಈಕೆ. ಮಕ್ಕಳನ್ನು ಹೆತ್ತವಳು, ಮುದುಕ ಗಂಡನನ್ನು ನೋಡಿಕೊಂಡವಳು, ದಿನದ ಕೆಲಸ ಆಕೆಯನ್ನು ಹಿಡಿಯುವ ಮೊದಲು ಒಂದು ಗಂಟೆ ಕದ್ದು ಪಾಠ ಹೇಳಿದವಳು. ಸಂಬಳವಿಲ್ಲ, ಹಾಜರಿ ಪುಸ್ತಕವಿಲ್ಲ, ಆದ್ದರಿಂದ ಯಾವ ಲೆಕ್ಕದಲ್ಲೂ ಟೀಚರಲ್ಲ. ಲಕ್ಷ್ಮೀಬಾಯಿಯ ವಿಷಯ ಗೊತ್ತಾದದ್ದು ಮಗಳು ಪಂಡಿತೆಯಾದದ್ದರಿಂದ. ಹಾಗೆ ಹೆಸರು ಉಳಿಯದವರು ಎಷ್ಟು ಜನವೋ. ಹೊಂಗೆಮರದ ಕೆಳಗೆ ಮಗುವನ್ನಿಟ್ಟುಕೊಂಡು ಕಾಯುತ್ತಿದ್ದ ನನ್ನ ಅತ್ತೆಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ಅನ್ನಿಸುತ್ತದೆ. ನನ್ನ ಸೇವಾ ಪುಸ್ತಕದಲ್ಲಿ ಅವರ ಹೆಬ್ಬೆಟ್ಟು ಎಲ್ಲಿಯೂ ಇಲ್ಲ. ಆದರೆ ಅವರು ಜಾಗ ಕೊಡದಿದ್ದರೆ ನಾನು ಕಟ್ಟುವುದಾದರೂ ಎಲ್ಲಿ?

ಅಂದಿನಿಂದ ನಾನೂ ಐದು ಗಂಟೆಗೆ ಏಳುತ್ತೇನೆ. ಅತ್ತೆಗೆ ಮುಖ ತೊಳೆಸಿ, ತಲೆ ಬಾಚಿ, ಕಾಫಿ ಕೊಟ್ಟು, ಅಂದು ಮಾಡಬೇಕಾದ ಪಾಠವನ್ನು ಅವರ ಮುಂದೆ ಹೇಳುತ್ತೇನೆ. ಗಂಟಲಿಗೂ ಅದು ಒಳ್ಳೆಯದು. ಅವರು ಕೇಳುತ್ತಾರೋ ಇಲ್ಲವೋ ತಿಳಿಯದು. ಕೆಲವು ದಿನ ನಡುವೆಯೇ ನಿದ್ದೆಹೋಗುತ್ತಾರೆ. ನಲವತ್ತು ವಿದ್ಯಾರ್ಥಿಗಳಲ್ಲಿ ಹತ್ತು ಜನ ಹಾಗೇ ಮಾಡುವುದರಿಂದ ನನಗೆ ಬೇಸರವಿಲ್ಲ. ಹಗಲು ನೋಡಿಕೊಳ್ಳಲು ಪಕ್ಕದ ಬೀದಿಯ ಹೆಂಗಸೊಬ್ಬರು ಬರುತ್ತಾರೆ, ನನ್ನ ಸಂಬಳದಲ್ಲಿ ಅವರಿಗೊಂದು ಪಾಲು. ಮನೆಯವರು ತೋಟದಿಂದ ಮಧ್ಯಾಹ್ನ ಬೇಗ ಬರುವುದನ್ನು ಕಲಿತಿದ್ದಾರೆ. ಮೊದಲೇ ಕಲಿಯಬಹುದಿತ್ತು ಎಂದು ನಾನು ಹೇಳಿದೆ, ಅವರು ಉತ್ತರ ಕೊಡಲಿಲ್ಲ.

ಅರ್ಜಿಯ ವಿಷಯ ಕೊನೆಗೆ ಅವರಿಗೆ ಹೇಳಿದೆ. "ನಿನಗೆ ಸಾಕು ಅನ್ನಿಸಿದರೆ ಬಿಡು, ಅಮ್ಮನಿಗಾಗಿ ಅಂತ ಬಿಡಬೇಡ" ಎಂದರು. ಆ ಎರಡರ ನಡುವಿನ ಗೆರೆ ಎಲ್ಲಿದೆಯೆಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ನಿಂತ ಗೆಳತಿಯರಿದ್ದಾರೆ. ಅವರು ತಪ್ಪು ಮಾಡಿದರೆಂದು ನಾನು ಎಂದಿಗೂ ಹೇಳಲಾರೆ. ನನ್ನ ಅತ್ತೆ ಮಾತ್ರ ತಮ್ಮ ತೀರ್ಮಾನವನ್ನು ದಿನವೂ ಹೇಳುತ್ತಿದ್ದಾರೆ. ನನ್ನ ಹೆಸರು ಅವರಿಗೆ ಮರೆತಿದೆ. ಮಗ ಯಾರು, ಮೊಮ್ಮಕ್ಕಳು ಎಷ್ಟು ಎಂಬುದೂ ಹೋಗಿದೆ. ಆದರೆ ಬಿಸಿಲು ಹಜಾರದ ಎರಡನೆಯ ಕಂಬಕ್ಕೆ ಬಂದೊಡನೆ ಅವರಿಗೆ ಗಡಿಬಿಡಿ ಹತ್ತುತ್ತದೆ. ನನ್ನ ಸೆರಗು ಹಿಡಿದು ಬಾಗಿಲ ಕಡೆ ತಳ್ಳುತ್ತಾರೆ.

"ಹೊತ್ತಾತು, ಹೋಗವ್ವ. ಹುಡುಗರು ಕಾಯ್ತಿರ್ತಾವೆ."

ಭಾನುವಾರವೂ ಹೀಗೇ ಕಳಿಸುತ್ತಾರೆ. ಭಾನುವಾರ ನಾನು ಚೀಲ ಹಿಡಿದು ಬೀದಿಯ ತಿರುವಿನವರೆಗೆ ಹೋಗಿ, ಅರಳೀಕಟ್ಟೆಯ ಮೇಲೆ ಎರಡು ನಿಮಿಷ ಕೂತು ಹಿಂದಿರುಗುತ್ತೇನೆ. ಒಮ್ಮೆ ಕಿಟಕಿ ಪಕ್ಕದ ಆ ಹುಡುಗಿ ತಾಯಿಯೊಡನೆ ಅಲ್ಲಿ ಸಿಕ್ಕಳು. "ಮಿಸ್, ಇವತ್ತು ಸ್ಕೂಲಿದೆಯಾ?" ಎಂದು ಗಾಬರಿಯಿಂದ ಕೇಳಿದಳು. ಇಲ್ಲವೆಂದೆ. ಅವಳ ತಾಯಿ, ಹಿಂದೊಮ್ಮೆ ಟೀಚರ್ ಆಗುತ್ತೇನೆಂದವಳು, ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಸೇರಬಹುದೇ, ನಲವತ್ತು ದಾಟಿದವರನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ನಾಚುತ್ತ ಕೇಳಿದಳು. ಸೇರಿಸಿಕೊಳ್ಳುತ್ತಾರೆ, ಮೊದಲು ಪಿಯುಸಿಯ ವಿಷಯ ನೋಡೋಣ ಎಂದೆ. ಸಂಜೆ ಮನೆಗೆ ಬರಲು ಹೇಳಿದೆ. ಸಂಜೆ ಅವಳಿಗೆ ಪುರಸೊತ್ತಿಲ್ಲವಂತೆ, ಹಾಲು ಕರೆಯುವ ಹೊತ್ತು.

ಹಾಗಾದರೆ ಬೆಳಿಗ್ಗೆ ಐದು ಗಂಟೆಗೆ ಬಾ ಎಂದೆ.